ಸೌಂಡ್‌ಬಾರ್‌ಗಳಿಗೊಂದು ಉಕ್ತಲೇಖನ

ಕಳೆದ ಯುಗಾದಿಯಿಂದೀಚೆಗೆ ನಮ್ಮ ಮನೆತನದಲ್ಲಿ ಒಂದು ವ್ಯಾಜ್ಯ ನಡೆದಿದೆ. ಆಸ್ತಿಯ ವ್ಯಾಜ್ಯವಲ್ಲ; ಹಾಗಿದ್ದಿದ್ದರೆ ನಾನು ಇಲ್ಲಿ ಬರೆಯುತ್ತಲೂ ಇರಲಿಲ್ಲ. ಟಿ.ವಿ.ಯ ಕೆಳಗೆ ಇಡುವ ಸೌಂಡ್‌ಬಾರ್ ಎಂಬ ಉದ್ದನೆಯ ಪೆಟ್ಟಿಗೆಯ ಕುರಿತಾದ ವ್ಯಾಜ್ಯ. ಚಾಮರಾಜನಗರದ ನಮ್ಮ ಮನೆಗೆ ಬೆಂಗಳೂರಿನಲ್ಲಿರುವ ಮಗನು ಒಂದನ್ನು ತಂದು ಕೂರಿಸಿದನು. ಗುಂಡ್ಲುಪೇಟೆಯಲ್ಲಿರುವ ನನ್ನ ತಮ್ಮನ ಮನೆಗೆ ಅವನ ಮಗಳು ಅದೇ ತಿಂಗಳಿನಲ್ಲಿ ಇನ್ನೊಂದನ್ನು ತಂದಳು. ನಮ್ಮದಕ್ಕೆ ಇಪ್ಪತ್ತೇಳು ಸಾವಿರ ರೂಪಾಯಿ, ಅವರದಕ್ಕೆ ಒಂಬತ್ತು ಸಾವಿರ. ಅಂದಿನಿಂದ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾವುದು ಮೇಲು ಎಂಬ ಚರ್ಚೆ ನಿಂತಿಲ್ಲ. ತೀರ್ಪು ಕೊಟ್ಟವರು ಹದಿನಾಲ್ಕು ಮಂದಿ. ಎರಡನ್ನೂ ಕೇಳಿದವರು ಅವರಲ್ಲಿ ಒಬ್ಬರೂ ಇಲ್ಲ. ಕೇಳಿದವನು ನಾನು. ಆದುದರಿಂದ ನನ್ನ ವಾದವನ್ನು ಇಲ್ಲಿ ಸವಿಸ್ತಾರವಾಗಿ ಮಂಡಿಸುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಇದು ಸಮಾಧಾನದ ಬರಹವಲ್ಲ.

ನನ್ನ ದೂರು ಇಷ್ಟು. ಗದ್ದಲವನ್ನು ಹೆಚ್ಚಿಸುವ ಯಂತ್ರ ಬೇರೆ, ಮಾತನ್ನು ಕೇಳಿಸುವ ಯಂತ್ರ ಬೇರೆ. ಇಂದು ಅಂಗಡಿಗಳಲ್ಲಿ ಮೊದಲನೆಯದನ್ನು ಎರಡನೆಯದೆಂದು ಹೇಳಿ ಮಾರುತ್ತಿದ್ದಾರೆ. ವಿದ್ಯಾವಂತರಾದ ನಮ್ಮ ಮಕ್ಕಳು ಅದನ್ನು ನಂಬಿ, ವಯಸ್ಸಾದ ತಂದೆತಾಯಿಗಳಿಗೆ ಪ್ರೀತಿಯಿಂದ ಕೊಂಡು ತರುತ್ತಿದ್ದಾರೆ. ಅನಂತರ ಆ ತಂದೆತಾಯಿಗಳಿಗೆ ಮಾತು ಕೇಳಿಸದೆ ಹೋದರೆ "ಅಪ್ಪನಿಗೆ ಕಿವಿ ಮಂದವಾಯಿತು" ಎಂದು ತೀರ್ಮಾನಿಸುತ್ತಿದ್ದಾರೆ.

ಕಂಪನಿಗಳ ಹೆಸರನ್ನು ನಾನು ಬರೆಯುವುದಿಲ್ಲ. ಒಂದು ಕಂಪನಿಯ ಮೇಲೆ ನನಗೆ ಹಗೆಯಿಲ್ಲ. ನಾನು ಹೇಳುವ ದೋಷ ಒಂದೇ ಕಂಪನಿಯದೂ ಅಲ್ಲ. ಮೇಲಾಗಿ ಇವುಗಳ ಮಾದರಿಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ. ಆದಕಾರಣ ನಮ್ಮ ಮನೆಯದನ್ನು ದೊಡ್ಡದು ಎಂದೂ ತಮ್ಮನ ಮನೆಯದನ್ನು ಚಿಕ್ಕದು ಎಂದೂ ಕರೆಯುತ್ತೇನೆ. (ಸೌಂಡ್‌ಬಾರ್‌ಗೆ "ಧ್ವನಿಪಟ್ಟಿ" ಎಂಬ ಹೆಸರನ್ನು ನಾನು ಸೂಚಿಸಿದೆ. ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಮೊಮ್ಮಗಳು "ತಾತ, ಅದು ಸೀರೆಯ ಅಂಚಿನ ಹಾಗೆ ಕೇಳಿಸುತ್ತದೆ" ಎಂದಳು.)

ದೊಡ್ಡದರ ಪೆಟ್ಟಿಗೆಯ ಮೇಲೆ 5.1.2 ಎಂದು ಅಚ್ಚಾಗಿತ್ತು. ನೋಡಿದ ಕೂಡಲೆ ನನಗೆ ಪಾಣಿನಿಯ ಅಷ್ಟಾಧ್ಯಾಯಿ ನೆನಪಾಯಿತು: ಐದನೆಯ ಅಧ್ಯಾಯ, ಮೊದಲನೆಯ ಪಾದ, ಎರಡನೆಯ ಸೂತ್ರ. ಮಗನು ನಕ್ಕು ವಿವರಿಸಿದನು. ಐದು ಎಂದರೆ ಮುಂದೆ, ಪಕ್ಕ, ಹಿಂದೆ ಹಂಚಿಹೋದ ಐದು ಧ್ವನಿಮಾರ್ಗಗಳು. ಒಂದು ಎಂದರೆ ನೆಲದ ಮೇಲೆ ಪ್ರತ್ಯೇಕವಾಗಿ ಕೂರುವ, ಮಂದ್ರ ಧ್ವನಿಗೆಂದೇ ಇರುವ ವೂಫರ್ ಪೆಟ್ಟಿಗೆ. ಕೊನೆಯ ಎರಡು, ಆಕಾಶಕ್ಕೆ ಮುಖ ಮಾಡಿದ ಸ್ಪೀಕರುಗಳು. ಅವುಗಳಿಂದ ಹೊರಟ ಶಬ್ದವು ಮೇಲ್ಛಾವಣಿಗೆ ಬಡಿದು ಕೆಳಗಿಳಿದು, ಮಳೆಯೂ ಹೆಲಿಕಾಪ್ಟರೂ ತಲೆಯ ಮೇಲಿಂದ ಬಂದಂತೆ ಕೇಳಿಸಬೇಕು. ಇದಕ್ಕೆ ಡಾಲ್ಬಿ ಅಟ್ಮಾಸ್ ಎಂದು ಹೆಸರು. ಚಿತ್ರಮಂದಿರಗಳಿಗೆ 2012ರಲ್ಲಿ ಬಂದದ್ದು ಈಗ ನಡುಮನೆಗಳಿಗೆ ಇಳಿದಿದೆ. ವಿಷಯವೇನೋ ಸೊಗಸು. ಆದರೆ ಶಬ್ದವು ಬಡಿದು ನೇರವಾಗಿ ಕೆಳಗಿಳಿಯಬೇಕಾದರೆ ಮೇಲ್ಛಾವಣಿ ಸಮತಟ್ಟಾಗಿರಬೇಕು. ನಮ್ಮದು ಮಂಗಳೂರು ಹೆಂಚಿನ, ಎರಡು ಕಡೆಗೂ ಇಳಿಜಾರಾದ ಮನೆ. ನಮ್ಮ ಹೆಲಿಕಾಪ್ಟರು ತೊಲೆಗಳ ಸಂದಿಯಲ್ಲಿಯೇ ಎಲ್ಲಿಯೋ ಉಳಿದುಹೋಯಿತು. ಈ ಮನೆಯಲ್ಲಿಯೇ ಹುಟ್ಟಿ ಬೆಳೆದ ಮಗನಿಗೆ ಕೊಳ್ಳುವಾಗ ಮನೆಯ ಸೂರು ಹೇಗಿದೆ ಎಂಬುದು ನೆನಪಾಗಲಿಲ್ಲ. ಅಂಗಡಿಯವನು ಕೇಳಲೂ ಇಲ್ಲ.

ಚಿಕ್ಕದು ಮೂರಡಿ ಉದ್ದದ ಒಂದೇ ಪಟ್ಟಿ. ಒಳಗೆ ಎಡಕ್ಕೊಂದು, ಬಲಕ್ಕೊಂದು, ನಡುವೆ ಮಾತಿಗೆಂದು ಒಂದು. ವೂಫರ್ ಇಲ್ಲ, ಹಿಂದಿನ ಸ್ಪೀಕರುಗಳಿಲ್ಲ. ಅದನ್ನು ಮೊದಲು ಕಂಡಾಗ ನಮ್ಮ ಮಗನು "ಚಿಕ್ಕಪ್ಪನ ಮನೆಯದು ಸೌಂಡ್‌ಬಾರೇ ಅಲ್ಲ, ಅಡಿಕೋಲು" ಎಂದಿದ್ದನು. ಗುಂಪಿನಲ್ಲಿ ಜಗಳ ಹತ್ತಿಕೊಂಡದ್ದು ಆ ಅಡಿಕೋಲಿನಿಂದ.

ಈಗ ಮನೆಯೊಳಗಿನ ಸಂಗತಿಯೊಂದನ್ನು ಹೇಳಬೇಕು. ಬರೆಯಬೇಡಿ ಎಂದು ನನ್ನ ಶ್ರೀಮತಿ ಹೇಳಲಿಲ್ಲ, ಆದ್ದರಿಂದ ಬರೆಯುತ್ತೇನೆ. ಆಕೆ ನಲವತ್ತು ವರ್ಷ ರಾತ್ರಿಯ ಊಟಕ್ಕೆ ಮುಂಚೆ ವಾರ್ತೆ ಕೇಳಿದವಳು. ಮೊದಲು ರೇಡಿಯೋದಲ್ಲಿ, ಆಮೇಲೆ ಟಿ.ವಿ.ಯಲ್ಲಿ. ದೊಡ್ಡದು ಬಂದ ಎರಡು ವಾರಗಳಲ್ಲಿ ಆಕೆ ನಡುಮನೆಯಲ್ಲಿ ಕೂರುವುದನ್ನು ಬಿಟ್ಟಳು. ಮೊದಲು ಅವರೆಕಾಯಿ ಬಿಡಿಸುವ ನೆಪದಲ್ಲಿ ಹಜಾರಕ್ಕೆ ಹೋದಳು. ಆಮೇಲೆ ನೆಪವನ್ನೂ ಹೇಳಲಿಲ್ಲ. "ಯಾಕೆ ಬರುವುದಿಲ್ಲ?" ಎಂದರೆ "ಈಗಿನ ಕಾರ್ಯಕ್ರಮಗಳಲ್ಲಿ ಏನಿದೆ?" ಎನ್ನುತ್ತಿದ್ದಳು. ನಾನೂ ನಂಬಿದೆ. ಮಗನು ಫೋನಿನಲ್ಲಿ "ಅಮ್ಮನಿಗೆ ಆಸಕ್ತಿ ಕಡಮೆಯಾಗುತ್ತಿದೆ, ಡಾಕ್ಟರಿಗೆ ತೋರಿಸೋಣ" ಎಂದನು. ಒಂದು ಸಂಜೆ ವಿದ್ಯುತ್ತು ಹೋಗಿ, ಬ್ಯಾಟರಿಯ ಹಳೆಯ ಟ್ರಾನ್ಸಿಸ್ಟರನ್ನು ಹಚ್ಚಿದೆ. ಆಕೆ ಹಜಾರದಿಂದ ಎದ್ದು ಬಂದು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಪ್ರದೇಶ ಸಮಾಚಾರವನ್ನು ಕೊನೆಯವರೆಗೆ ಕೇಳಿದಳು. ಅಂಗೈಯಗಲದ ಒಂದೇ ಸ್ಪೀಕರು. ಅಂದು ನನಗೆ ಸಂಶಯ ಹುಟ್ಟಿತು.

ನಾನು ಭೌತಶಾಸ್ತ್ರದ ಮೇಷ್ಟ್ರಲ್ಲ, ಕನ್ನಡದ ಮೇಷ್ಟ್ರು. ಆದರೆ ಹಳೆಯ ರೇಡಿಯೋಗಳನ್ನು ಕೇಳಿ ಬೆಳೆದವನು. ಗುಂಡ್ಲುಪೇಟೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಪಂಚಾಯಿತಿ ಕಚೇರಿಯ ಜಗಲಿಯ ಮೇಲೆ ಒಂದು ವಾಲ್ವ್ ರೇಡಿಯೋ ಇತ್ತು. 1964ರ ಮೇ 27ರಂದು ನೆಹರೂ ತೀರಿಕೊಂಡ ಸುದ್ದಿಯನ್ನು ನಾವು ಬೀದಿಯಲ್ಲಿ ನಿಂತು ಕೇಳಿದ್ದು ಅದರಲ್ಲಿ. ಅಂಥ ರೇಡಿಯೋಗಳ ಸ್ಪೀಕರಿಗೆ ದೊರೆಯುತ್ತಿದ್ದ ಶಕ್ತಿ ಮೂರೋ ನಾಲ್ಕೋ ವಾಟ್. ಬೀದಿಯ ಆಚೆ ಬದಿಯಲ್ಲಿ ಎತ್ತು ಹಿಡಿದು ನಿಂತಿದ್ದವರಿಗೂ ಒಂದೊಂದು ಶಬ್ದವೂ ತಿಳಿದಿತ್ತು. ರೇಡಿಯೋ ಎಂದರೆ ನಮ್ಮ ಸೀಮೆಯವರಿಗೆ ಒಂದು ಬಗೆಯ ಹೆಮ್ಮೆಯೂ ಹೌದು: ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು; ಇಡೀ ದೇಶದ ಬಾನುಲಿಗೆ ಆಮೇಲೆ ಅಂಟಿಕೊಂಡ "ಆಕಾಶವಾಣಿ" ಎಂಬ ಹೆಸರು ಅಲ್ಲಿಂದ ಬಂದದ್ದು. ವಾಣಿ ಎಂದರೆ ಮಾತು. ಯಂತ್ರಕ್ಕೆ ಮಾತಿನ ಹೆಸರನ್ನು ಇಟ್ಟ ಜನ ನಾವು.

ನನಗಿಂತ ಹಿರಿಯ ವಿದ್ಯಾರ್ಥಿಗಳು ಕೆಲವರಿಗೆ ನೆನಪಿರಬಹುದು, ಆಗ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಾಗಿತ್ತು. (ನನಗಿಂತ ಹಿರಿಯ ವಿದ್ಯಾರ್ಥಿಗಳು ಇರಲು ಹೇಗೆ ಸಾಧ್ಯ ಎಂದು ನಗಬೇಡಿ. ನಾನು ಕೆಲಸಕ್ಕೆ ಸೇರಿದ ವರ್ಷ ರಾತ್ರಿಶಾಲೆಯಲ್ಲಿ ನನ್ನಲ್ಲಿ ಅಕ್ಷರ ಕಲಿತ ಇಬ್ಬರು ನನಗಿಂತ ಹತ್ತು ವರ್ಷ ದೊಡ್ಡವರು.) 1980ರ ದಶಕದಲ್ಲಿ ಆ ಪದ್ಧತಿ ಹೋಯಿತು. ಲೈಸೆನ್ಸ್ ಹೋದ ಮೇಲೆ ಟೇಪ್‌ರೆಕಾರ್ಡರುಗಳು ಬಂದವು, ಅವುಗಳ ಮೈಮೇಲೆ ಅಂಕಿಗಳು ಬಂದವು. ಅಂಗೈಯಷ್ಟು ಸ್ಪೀಕರಿನ ಡಬ್ಬದ ಮೇಲೆ "1000 ವಾಟ್ ಪಿ.ಎಂ.ಪಿ.ಓ." ಎಂದು ಚಿನ್ನದ ಅಕ್ಷರಗಳಲ್ಲಿ ಅಂಟಿಸಿರುತ್ತಿದ್ದರು. ನಿಜವಾಗಿ ನಿರಂತರವಾಗಿ ಹೊರಡುವ ಶಕ್ತಿ ಅದರ ಅಲ್ಪಾಂಶವೂ ಇರುತ್ತಿರಲಿಲ್ಲ. ಈಗ ಪಿ.ಎಂ.ಪಿ.ಓ. ಹೋಗಿದೆ, ಅಂಕಿಯ ಮೋಹ ಹೋಗಿಲ್ಲ. ನಮ್ಮ ದೊಡ್ಡದರ ಮೇಲೆ 600 ವಾಟ್ ಎಂದಿದೆ. ಎಲ್ಲ ಸ್ಪೀಕರುಗಳ, ವೂಫರಿನ ಶಕ್ತಿಯನ್ನು ಕೂಡಿಸಿ ಬರೆದ ಮೊತ್ತ ಅದು. ಚಿಕ್ಕದು 120.

ನನ್ನೊಡನೆ ಕೆಲಸ ಮಾಡಿದ ವಿಜ್ಞಾನದ ಮೇಷ್ಟ್ರೊಬ್ಬರು ಈ ಲೆಕ್ಕವನ್ನು ನನಗೆ ಬಿಡಿಸಿ ತೋರಿಸಿದರು. ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಶಬ್ದದ ಮಟ್ಟ ಏರುವುದು ಕೇವಲ 3 ಡೆಸಿಬೆಲ್. ನಮ್ಮ ಕಿವಿಗೆ "ಮೊದಲಿನ ಎರಡರಷ್ಟು ಜೋರು" ಎನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಶಕ್ತಿ ಹತ್ತರಷ್ಟಾಗಬೇಕು. 120ಕ್ಕೂ 600ಕ್ಕೂ ನಡುವಿನ ಅಂತರ ಐದರಷ್ಟು; ಅದು 7 ಡೆಸಿಬೆಲ್. ಅಂದಮೇಲೆ ಎರಡನ್ನೂ ತುತ್ತತುದಿಗೆ ತಿರುಗಿಸಿದರೂ ದೊಡ್ಡದು ಚಿಕ್ಕದರ ಎರಡರಷ್ಟು ಜೋರಾಗದು. ಮೇಲಾಗಿ, ನಡುಮನೆಯಲ್ಲಿ ಹತ್ತಡಿ ದೂರದಲ್ಲಿ ಕುಳಿತು ಮನುಷ್ಯರು ಮಾತನಾಡುವ ಮಟ್ಟದಲ್ಲಿ ವಾರ್ತೆ ಕೇಳುವಾಗ ಖರ್ಚಾಗುವುದು ಒಂದೆರಡು ವಾಟ್ ಅಷ್ಟೇ. ಉಳಿದ 598 ವಾಟ್‌ಗಳಿಗೆ ಮಗನು ಹಣ ತೆತ್ತದ್ದು ಪೆಟ್ಟಿಗೆಯ ಮೇಲಿನ ಅಂಕಿಯನ್ನು ನೋಡಲಿಕ್ಕೆ. ಊಟಕ್ಕೆ ಕರೆದವರು ಎಲೆಯ ಮೇಲೆ ಒಂದು ಸೌಟು ಅನ್ನ ಬಡಿಸಿ, ಒಳಗೆ ನೂರು ಸೇರು ಬೆಂದಿದೆ ಎಂದು ಹೇಳಿದ ಹಾಗೆ.

ಹಾಗಾದರೆ ಸೌಂಡ್‌ಬಾರ್ ಬೇಡವೇ ಬೇಡ ಎನ್ನುತ್ತೇನೆಯೇ? ಇಲ್ಲ. ಹಳೆಯ ಡಬ್ಬದ ಟಿ.ವಿ.ಗಳಿಗೆ ಹೊಟ್ಟೆಯಿತ್ತು, ಸ್ಪೀಕರುಗಳು ಮುಂದಕ್ಕೆ ಮುಖ ಮಾಡಿರುತ್ತಿದ್ದವು. ಈಗಿನವು ಹಲಗೆಯಷ್ಟು ತೆಳ್ಳಗಾಗಿ, ಸ್ಪೀಕರುಗಳನ್ನು ಕೆಳಕ್ಕೋ ಹಿಂದಕ್ಕೋ ತಿರುಗಿಸಿಟ್ಟಿದ್ದಾರೆ. ವಾರ್ತೆ ಓದುವವರು ಗೋಡೆಗೆ ಹೇಳುತ್ತಾರೆ, ಗೋಡೆ ನಮಗೆ ಹೇಳುತ್ತದೆ. ಈ ಕೊರತೆಯನ್ನು ತುಂಬಲೆಂದು ಬಂದ ವಸ್ತು ಸೌಂಡ್‌ಬಾರ್. ಮಾತನ್ನು ಮತ್ತೆ ನಮ್ಮ ಕಡೆಗೆ ತಿರುಗಿಸುವುದು ಅದರ ಮೂಲ ಕರ್ತವ್ಯ. ದೊಡ್ಡದು ಅದನ್ನು ಮರೆತಿದೆ ಎಂಬುದು ನನ್ನ ಆರೋಪ. ಆರೋಪ ಮಾಡಿದವನು ಸಾಕ್ಷ್ಯ ಒದಗಿಸಬೇಕು.

ಅದಕ್ಕಾಗಿ ಗುಂಡ್ಲುಪೇಟೆಗೆ ಹೋಗಿ ಚಿಕ್ಕದನ್ನು ಕೇಳಿಕೊಂಡು ತಂದೆ. ಹಳೆಯ ಸೀರೆಯಲ್ಲಿ ಸುತ್ತಿ ತೆರಕಣಾಂಬಿ ಮಾರ್ಗದ ಬಸ್ಸು ಹತ್ತಿದಾಗ ಕಂಡಕ್ಟರು "ಯಾನ್ ಸಾ ಇದು, ಬಂದೂಕವ?" ಎಂದನು. ಬಂಡೀಪುರದ ಕಾಡು ಪಕ್ಕದಲ್ಲಿರುವಾಗ ಈ ಪ್ರಶ್ನೆ ಹಾಸ್ಯವೆನ್ನಿಸುವುದಿಲ್ಲ. ಬಿಚ್ಚಿ ತೋರಿಸಿದೆ. ಲಗೇಜು ಟಿಕೆಟು ಹಾಕದೆ ಬಿಟ್ಟನು. ಅವನ ತಂದೆ ನನ್ನ ವಿದ್ಯಾರ್ಥಿಯೆಂದು ಆಮೇಲೆ ತಿಳಿಯಿತು.

ನನ್ನ ಕೈಕೆಳಗೆ ಕಲಿತವರಿಗೆ ಪ್ರತಿ ಶನಿವಾರ ಬೆಳಗಿನ ಉಕ್ತಲೇಖನ ನೆನಪಿರದೆ ಹೋಗದು. ಯಂತ್ರಗಳಿಗೂ ಅದನ್ನೇ ಕೊಡೋಣವೆಂದು ನಿಶ್ಚಯಿಸಿದೆ. ಒಂಬತ್ತನೆಯ ತರಗತಿಯ ಮೊಮ್ಮಗಳು ನಾನು ಬರೆದುಕೊಟ್ಟ ಇಪ್ಪತ್ತು ಶಬ್ದಗಳನ್ನು ಫೋನಿನಲ್ಲಿ ಓದಿ ಮುದ್ರಿಸಿದಳು. ಧಾರಾವಾಹಿಗಳಲ್ಲಿರುವಂತೆ ಹಿನ್ನೆಲೆಯಲ್ಲಿ ಮೆಲ್ಲಗೆ ಒಂದು ಸಿನಿಮಾ ಹಾಡನ್ನೂ ಹಚ್ಚಿಕೊಂಡಳು. ಶಬ್ದಗಳು ಬೇಕೆಂದೇ ಆರಿಸಿದವು: ಬೆಲೆ, ಬೆಳೆ, ಶಂಕರ, ಸಂಕರ, ಹಾಲು, ಹಾಳು, ಕಲೆ, ಕಳೆ, ಕಥೆ, ಕತ್ತೆ, ಅಂಶ, ಹಂಸ, ಶಾಂತಿ, ಸಂತೆ, ಹೀಗೆ. ಅದೇ ಟಿ.ವಿ., ಅದೇ ತಂತಿ, ಅದೇ ಕುರ್ಚಿ. ಕುರ್ಚಿಯಲ್ಲಿ ಅಳೆದರೆ ಎರಡರಿಂದಲೂ 65 ಡೆಸಿಬೆಲ್ ಬರುವಂತೆ ಫೋನಿನ ಮಾಪಕದಲ್ಲಿ ಹೊಂದಿಸಿದ್ದೂ ಅವಳೇ. ಪ್ರತಿ ಸಲವೂ ಶಬ್ದಗಳ ಕ್ರಮವನ್ನು ಬದಲಿಸಿದಳು, ಇಲ್ಲದಿದ್ದರೆ ತಾತ ನೆನಪಿನಿಂದ ಬರೆದುಬಿಡುತ್ತಾನೆ ಎಂದು. ಬರೆಯಲು ಕುಳಿತವರು ನಾನು, ನನ್ನ ಶ್ರೀಮತಿ ಮತ್ತು ಪಕ್ಕದ ಮನೆಯ ಡಿಗ್ರಿ ಓದುವ ಹುಡುಗ.

ದೊಡ್ಡದು, ಅಂಗಡಿಯಿಂದ ಬಂದಂತೆ ಸಿನಿಮಾ ಹೊಂದಾಣಿಕೆಯಲ್ಲಿದ್ದಾಗ: ಹುಡುಗನಿಗೆ 19, ನನಗೆ 9, ಆಕೆಗೆ 6. ಚಿಕ್ಕದು: ಹುಡುಗನಿಗೆ 20, ನನಗೆ 16, ಆಕೆಗೆ 14. ದೊಡ್ಡದರಲ್ಲಿ ಆಕೆ ಕಥೆ ಇರುವಲ್ಲಿ ಕತ್ತೆ ಎಂದೂ ಶಾಂತಿ ಇರುವಲ್ಲಿ ಸಂತೆ ಎಂದೂ ಬರೆದಿದ್ದಳು. ನಾನು ಬೆಳೆಯೆಲ್ಲವನ್ನೂ ಬೆಲೆ ಮಾಡಿದ್ದೆ. ರೈತರ ಜಿಲ್ಲೆಯಲ್ಲಿ ಕುಳಿತು ವಾರ್ತೆಯಲ್ಲಿ ಬೆಳೆ ಕುಸಿಯಿತೇ ಬೆಲೆ ಕುಸಿಯಿತೇ ಎಂದು ತಿಳಿಯದೆ ಹೋದರೆ ಇಪ್ಪತ್ತೇಳು ಸಾವಿರ ಕೊಟ್ಟು ಏನು ಕೇಳಿದಂತಾಯಿತು?

ಮಗನಿಗೆ ಅಂಕಪಟ್ಟಿ ಕಳಿಸಿದೆ. "ಅಪ್ಪ, ವಾಯ್ಸ್ ಮೋಡ್‌ಗೆ ಹಾಕಿ ನೋಡಬೇಕಿತ್ತು" ಎಂದನು. ಹಾಕಿ ನೋಡಿದೆ: ನನಗೆ 13, ಆಕೆಗೆ 10. ಆಮೇಲೆ ಮೊಮ್ಮಗಳಿಗೆ ಒಂದು ಯೋಚನೆ ಬಂದು, ವೂಫರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತಳು. ನನಗೆ 15, ಆಕೆಗೆ 13. ಅಂದರೆ ದೊಡ್ಡದರ ಬಲು ದೊಡ್ಡ ಭಾಗವನ್ನು ತೆಗೆದುಹಾಕಿದಾಗ ಅದು ಹೆಚ್ಚುಕಡಮೆ ಚಿಕ್ಕದಾಯಿತು.

ಇಲ್ಲಿ ನನ್ನ ಪಕ್ಷಕ್ಕೆ ಪ್ರತಿಕೂಲವಾದ ಸಂಗತಿಯನ್ನೂ ಮುಚ್ಚಿಡಬಾರದು. ಯಂತ್ರವೇ ಇಲ್ಲದೆ, ಅದೇ ಹಾಡನ್ನು ಪಕ್ಕದಲ್ಲಿ ಹಚ್ಚಿಕೊಂಡು ಮೊಮ್ಮಗಳು ಎದುರಿಗೆ ನಿಂತು ಓದಿದಾಗಲೂ ನನಗೆ 18 ಬಂದಿತೇ ಹೊರತು 20 ಬರಲಿಲ್ಲ, ಆಕೆಗೆ 16. ಕಿವಿಯ ಪಾಲೂ ಇದೆ. ಅದಕ್ಕಾಗಿ ಇಬ್ಬರೂ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡೆವು. ನಮ್ಮ ಸೀಮೆಯವರಿಗೆ ಅಂಥ ಸಂಸ್ಥೆ ಒಂದು ಬಸ್ಸಿನ ದೂರದಲ್ಲಿರುವುದು ಭಾಗ್ಯವೇ ಸರಿ. ವಯಸ್ಸಾದವರು ಸಂಕೋಚವಿಲ್ಲದೆ ಹೋಗಬೇಕು. ಅಲ್ಲಿನ ತರುಣಿ ರೇಖಾಚಿತ್ರವೊಂದನ್ನು ತೋರಿಸಿ ವಿವರಿಸಿದಳು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಆವರ್ತನಗಳನ್ನು, ಅಂದರೆ ತಾರಸ್ಥಾಯಿಯ ಸೂಕ್ಷ್ಮ ಶಬ್ದಗಳನ್ನು. ಕೆಳಗಿನ ಗುಡುಗು ಗುಡುಗಾಗಿಯೇ ಉಳಿಯುತ್ತದೆ.

ಈ ಒಂದು ಮಾತಿನಿಂದ ನನಗೆ ಇಡೀ ವ್ಯಾಜ್ಯ ಬೆಳಗಿತು. ಕನ್ನಡದ ಸ್ವರಗಳು ಗಂಟಲಿನ ಬಲದಿಂದ ಬರುತ್ತವೆ. ಗಂಡಸಿನ ದನಿಯ ಮೂಲ ಸುಮಾರು 100 ಹರ್ಟ್ಸ್‌ನ ಆಸುಪಾಸಿನಲ್ಲಿದ್ದರೆ, ಹೆಂಗಸಿನದು 200ರ ಸುತ್ತಮುತ್ತ. ಆದರೆ ಅರ್ಥವನ್ನು ಬೇರ್ಪಡಿಸುವ ಕೆಲಸ ವ್ಯಂಜನಗಳದ್ದು, ವ್ಯಂಜನಗಳ ಗುರುತು ಮೇಲೆಲ್ಲೋ ಇರುತ್ತದೆ. ಸಕಾರದ ಸೀಟಿಯಂಥ ಶಬ್ದ 5000 ಹರ್ಟ್ಸ್ ದಾಟಿ ಹೋಗುತ್ತದೆ, ಶಕಾರ ಅದಕ್ಕಿಂತ ತುಸು ಕೆಳಗೆ. ಲಕಾರ ಳಕಾರಗಳ ಭೇದವೂ ನಾಲಿಗೆಯ ತುದಿ ಎಲ್ಲಿ ತಾಗಿತೆಂಬುದರಿಂದ ಮೇಲಿನ ಸ್ತರಗಳಲ್ಲಿ ಆಗುವ ಸಣ್ಣ ಬದಲಾವಣೆ. ವೂಫರ್ ಇದಾವುದನ್ನೂ ಮುಟ್ಟುವುದಿಲ್ಲ. ಅದರ ರಾಜ್ಯವಿರುವುದು 200 ಹರ್ಟ್ಸ್‌ಗಿಂತ ಕೆಳಗೆ. ಅದು ತನ್ನ ರಾಜ್ಯದಲ್ಲಿ ತಾನಿದ್ದರೆ ನನ್ನ ತಕರಾರಿಲ್ಲ. ಆದರೆ ಕೆಳಗಿನ ಜೋರು ಶಬ್ದವು ಮೇಲಿನ ಮೆಲುಶಬ್ದವನ್ನು ಕಿವಿಯೊಳಗೇ ಮುಸುಕಿಬಿಡುತ್ತದೆ. ಶಬ್ದಮಟ್ಟ ಏರಿದಷ್ಟೂ ಮುಸುಕು ಹೆಚ್ಚು. ಆದ್ದರಿಂದ ಮಾತು ತಿಳಿಯಲಿಲ್ಲವೆಂದು ರಿಮೋಟಿನಲ್ಲಿ ವಾಲ್ಯೂಮ್ ಏರಿಸಿದರೆ ಗುಡುಗೂ ಏರುತ್ತದೆ, ಶಕಾರ ಸಕಾರಗಳು ಮತ್ತೂ ಆಳಕ್ಕೆ ಮುಳುಗುತ್ತವೆ. "ಇಷ್ಟು ಜೋರಿದ್ದರೂ ಕೇಳಿಸುವುದಿಲ್ಲವೆ?" ಎಂದು ಸೊಸೆ ಅಚ್ಚರಿಪಡುವುದು ಈ ಘಟ್ಟದಲ್ಲಿ. ಜೋರು ಇದ್ದುದರಿಂದಲೇ ಕೇಳಿಸುತ್ತಿಲ್ಲ, ತಾಯಿ.

ಚಾಮರಾಜನಗರದಲ್ಲಿ ಹುಟ್ಟಿ ಈಗ ಬೇರೊಂದು ಊರಿನಲ್ಲಿ ವಿದ್ಯುನ್ಮಾನ ವಸ್ತುಗಳ ಅಂಗಡಿ ಇಟ್ಟಿರುವ ನನ್ನ ವಿದ್ಯಾರ್ಥಿಯೊಬ್ಬನೊಡನೆ ಇದನ್ನು ವಾದಿಸಿದೆ. ಬುದ್ಧಿವಂತ ಹುಡುಗ, ಹುಡುಗ ಎಂದರೆ ಐವತ್ತೆರಡು ವರ್ಷ. "ಸಾರ್, ಗಿರಾಕಿಗಳು ಅಂಗಡಿಗೆ ಬಂದು ನಿಂತು ಎದೆ ಅದುರಬೇಕು ಎನ್ನುತ್ತಾರೆ. ಅದುರದೆ ಇದ್ದರೆ ಮುಂದಿನ ಅಂಗಡಿಗೆ ಹೋಗುತ್ತಾರೆ. ನಾನೇನು ಮಾಡಲಿ?" ಎಂದನು. ಅವನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಗಿರಾಕಿ ನಿಂತ ಕೂಡಲೆ ಸ್ಫೋಟ, ಕಾರಿನ ಓಟ, ಡೋಲಿನ ಆರ್ಭಟಗಳ ಪ್ರದರ್ಶನ ಚಿತ್ರವನ್ನು ಹಚ್ಚುವವನು ಯಾರು? ಒಂದು ದಿನ ಒಬ್ಬ ಗಿರಾಕಿಗೆ ಕನ್ನಡ ವಾರ್ತೆ ಹಚ್ಚಿ ತೋರಿಸು ಎಂದೆ. "ವಾರ್ತೆ ಕೇಳಲು ಯಾರು ಸಾರ್ ಸೌಂಡ್‌ಬಾರ್ ಕೊಳ್ಳುತ್ತಾರೆ?" ಎಂದು ನಕ್ಕನು. ನಿನ್ನ ಗಿರಾಕಿಯ ತಾಯಿ ಕಣಪ್ಪಾ, ಎಂದೆ. ಅವನು ಉತ್ತರ ಕೊಡಲಿಲ್ಲ, ಕಾಫಿ ತರಿಸಿದನು.

ಮಗನ ವಾದ ಬೇರೆ ಬಗೆಯದು. ಎಲ್ಲ ಹೊಂದಾಣಿಕೆಗಳೂ ಯಂತ್ರದಲ್ಲಿವೆ, ಕಲಿತುಕೊಳ್ಳದೆ ಇರುವುದು ನಿಮ್ಮ ತಪ್ಪು ಎಂಬುದು. ಐದು ಹೊಂದಾಣಿಕೆಗಳು, ಹದಿನೇಳು ಗುಂಡಿಗಳ ರಿಮೋಟು, ಅದರ ಮೇಲಿನ ಅಕ್ಷರಗಳು ಅಕ್ಕಿಯ ನುಚ್ಚಿನಷ್ಟು. ಜೊತೆಗೆ ಬಂದ ಕೈಪಿಡಿಯಲ್ಲಿ ಹಲವು ಭಾಷೆಗಳಿವೆ, ಕನ್ನಡವಿಲ್ಲ. ಮುಖ್ಯವಾದ ಪ್ರಶ್ನೆ ಏನೆಂದರೆ, ಏನನ್ನೂ ಮುಟ್ಟದೆ ಇದ್ದಾಗ ಯಂತ್ರ ಯಾರ ಪರ ನಿಲ್ಲುತ್ತದೆ? ನಮ್ಮದು ಪ್ರತಿ ಬಾರಿ ವಿದ್ಯುತ್ತು ಹೋಗಿ ಬಂದಾಗಲೂ ಸಿನಿಮಾ ಹೊಂದಾಣಿಕೆಗೆ ಮರಳುತ್ತದೆ. ನಮ್ಮ ಊರಿನಲ್ಲಿ ವಿದ್ಯುತ್ತು ದಿನಕ್ಕೆ ಎಷ್ಟು ಬಾರಿ ಹೋಗುತ್ತದೆಂಬುದನ್ನು ನಾನು ಬರೆಯಬೇಕಾಗಿಲ್ಲ.

ಸಿನಿಮಾದ ಮಾತು ಬಂದಿತು. 2022ರ "ಕಾಂತಾರ"ವನ್ನು ಎರಡರಲ್ಲಿಯೂ ಕೊನೆಯ ಭಾಗ ಹಚ್ಚಿ ನೋಡಿದೆವು. ನಿಜ ಹೇಳುತ್ತೇನೆ, ಆ ದೈವದ ಕೂಗು ಬಂದಾಗ ದೊಡ್ಡದರಲ್ಲಿ ನನ್ನ ಮೈನವಿರೆದ್ದಿತು, ಚಿಕ್ಕದರಲ್ಲಿ ಅಷ್ಟಾಗಲಿಲ್ಲ. ಡೋಲು ತಗಡಿನ ಡಬ್ಬದಂತೆ ಕೇಳಿಸಿತು. ಮುಂದೊಂದು ಭಾನುವಾರ ದೊಡ್ಡದನ್ನು ಕಾರಿನಲ್ಲಿ ಗುಂಡ್ಲುಪೇಟೆಗೆ ಒಯ್ದು ತಮ್ಮನ ಆರ್‌ಸಿಸಿ ಮನೆಯಲ್ಲಿ ಇಟ್ಟಾಗ ಮೇಲಿನ ಸ್ಪೀಕರುಗಳಿಗೂ ಜೀವ ಬಂದಿತು. ಮಳೆ ತಲೆಯ ಮೇಲೆಯೇ ಸುರಿಯಿತು. ತಮ್ಮನ ಮಗಳು "ದೊಡ್ಡಪ್ಪ, ಈಗ ಏನು ಹೇಳುತ್ತೀರಿ?" ಎಂದಳು. ಸಿನಿಮಾಕ್ಕೆ ದೊಡ್ಡದು ಮೇಲು ಎಂದೇ ಹೇಳಿದೆ, ಇಲ್ಲಿಯೂ ಬರೆದಿದ್ದೇನೆ. ಆದರೆ ಅದೇ ಮನೆಯಲ್ಲಿ, ಬರಿಯ ಗೋಡೆ, ನುಣುಪು ಟೈಲ್ಸ್ ನೆಲ, ವೂಫರ್ ಮೂಲೆಯಲ್ಲಿ. ಮಾತು ಬಾವಿಯೊಳಗಿಂದ ಬಂದಂತಿತ್ತು. ಉಕ್ತಲೇಖನ ಕೊಟ್ಟರೆ ನನಗೆ 8. ವರ್ಷಕ್ಕೆ ನಾಲ್ಕು ಸಿನಿಮಾ ನೋಡುವ ಮನೆಯವರು 365 ದಿನ ವಾರ್ತೆಯನ್ನು ಬಾವಿಯೊಳಗಿಂದ ಕೇಳಬೇಕೆ?

ಎರಡರಲ್ಲಿಯೂ ಒಂದೇ ರೀತಿ ಸ್ವಚ್ಛವಾಗಿ ಕೇಳಿಸಿದ್ದು ಯಾವುದೆಂದರೆ 1977ರ "ಬಬ್ರುವಾಹನ". ಅರ್ಜುನನೂ ಬಬ್ರುವಾಹನನೂ ಎದುರುಬದುರಾದಾಗ, ಇಬ್ಬರೂ ರಾಜ್‌ಕುಮಾರರೇ ಆದರೂ, ಯಾರ ಮಾತು ಯಾರದೆಂದು ಕಣ್ಣು ಮುಚ್ಚಿ ಹೇಳಬಹುದು. ನಮ್ಮ ಗಡಿಯಾಚೆಯ ಗಾಜನೂರಿನಲ್ಲಿ ಹುಟ್ಟಿ, ರಂಗಭೂಮಿಯಲ್ಲಿ ಕೊನೆಯ ಸಾಲಿನವರಿಗೆ ಕೇಳಿಸುವಂತೆ ನುಡಿಯುವುದನ್ನು ಕಲಿತ ಆ ಮನುಷ್ಯನ ಮಹಾಪ್ರಾಣವನ್ನು ಯಾವ ವೂಫರೂ ನುಂಗಲಾರದು. ಆ ಕಾಲದ ಚಿತ್ರಗಳಲ್ಲಿ ಮಾತನ್ನು ಮುಂದಿಟ್ಟು ವಾದ್ಯವನ್ನು ಹಿಂದಿಡುತ್ತಿದ್ದರು. ಈಗ ಚಿತ್ರಮಂದಿರಕ್ಕೆಂದು ಪಿಸುಮಾತಿಗೂ ಸ್ಫೋಟಕ್ಕೂ ನಡುವೆ ಅಗಾಧ ಅಂತರವಿಟ್ಟು ಮಿಶ್ರಣ ಮಾಡಿದ್ದನ್ನೇ ನಮ್ಮ ನಡುಮನೆಗೆ ಕಳಿಸುತ್ತಾರೆ. ಪಿಸುಮಾತಿಗೆ ವಾಲ್ಯೂಮ್ ಏರಿಸಿದವನು ಸ್ಫೋಟಕ್ಕೆ ಬೆಚ್ಚಿ ರಿಮೋಟು ಹುಡುಕುತ್ತಾನೆ. ತಪ್ಪು ಯಂತ್ರದ್ದಷ್ಟೇ ಅಲ್ಲ ಎಂಬುದನ್ನು ಒಪ್ಪುತ್ತೇನೆ.

ಇನ್ನೊಂದು ಪರೀಕ್ಷೆ ನನಗಾಗಿಯೇ ಮಾಡಿಕೊಂಡದ್ದು. ಮಳವಳ್ಳಿ ಮಹದೇವಸ್ವಾಮಿಯವರ ಹಾಡುಗಾರಿಕೆಯನ್ನು ಕ್ಯಾಸೆಟ್ಟುಗಳ ಕಾಲದಿಂದ ಕೇಳಿದವರಿಗೆ ಹೇಳಬೇಕಾಗಿಲ್ಲ. ಮಾದೇಶ್ವರನ ಬೆಟ್ಟಕ್ಕೆ ಹೋಗುವ ಬಸ್ಸುಗಳಲ್ಲಿ ನಿದ್ದೆಗೆಡಿಸುತ್ತಿದ್ದ ದನಿ ಅದು. ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರಿಗೆ ತಂಬೂರಿಯ ಶ್ರುತಿ ನೆಲ, ಮಾತು ಗಿಡ. ದೊಡ್ಡದರಲ್ಲಿ ತಂಬೂರಿಯೇ ಊರನ್ನೆಲ್ಲ ಆವರಿಸಿ, ಕಥೆ ಎಲ್ಲಿಗೆ ಬಂದಿತೆಂಬುದು ತಿಳಿಯದಾಯಿತು. ಕಂಸಾಳೆಯ ಕಂಚಿನ ಬಟ್ಟಲುಗಳು ತಾಗಿದಾಗ ಬಹಳ ಹೊತ್ತು ಉಳಿಯುವ ಆ ಸಣ್ಣ ಝೇಂಕಾರವೂ ಕತ್ತರಿಸಿಹೋಯಿತು. ಚಿಕ್ಕದರಲ್ಲಿ ತಂಬೂರಿ ಬಡವಾಗಿತ್ತು, ಕಂಸಾಳೆ ಕಂಸಾಳೆಯಾಗಿತ್ತು. ಚಾಮರಾಜನಗರ ಜಿಲ್ಲೆಯವನಾಗಿ ನನಗೆ ಯಾವುದು ಬೇಕೆಂದು ಯಾರಾದರೂ ಕೇಳಬೇಕೆ?

ಕೊಳ್ಳಲು ಹೊರಟಿರುವ ಶಿಷ್ಯರಿಗೆ ನನ್ನ ಕೋರಿಕೆ ಇಷ್ಟೇ. ಪೆಟ್ಟಿಗೆಯ ಮೇಲಿನ ವಾಟ್ ಓದಬೇಡಿ, ನಡುವೆ ಮಾತಿಗೆಂದು ಸ್ಪೀಕರು ಇದೆಯೆ ಎಂದು ಕೇಳಿ. ಬ್ಲೂಟೂತ್ ಬೇಡ, ಟಿ.ವಿ.ಗೆ ತಂತಿಯಿಂದಲೇ ಜೋಡಿಸಿ. ಇಲ್ಲದಿದ್ದರೆ ಬಾಯಿ ಮೊದಲು ಆಡಿ ಮಾತು ಆಮೇಲೆ ಬರುವುದುಂಟು. ಮನೆಯ ಸೂರು ಹೆಂಚಿನದಾದರೆ ಮೇಲಕ್ಕೆ ನೋಡುವ ಸ್ಪೀಕರಿಗೆ ಹಣ ಕೊಡಬೇಡಿ. ವೂಫರ್ ಇದ್ದೇ ತೀರಬೇಕೆಂದರೆ ಅದರ ಶಬ್ದವನ್ನು ಬೇರೆಯಾಗಿ ತಗ್ಗಿಸುವ ಗುಂಡಿ ರಿಮೋಟಿನಲ್ಲಿ ಇರಲಿ, ಆ ಗುಂಡಿ ಯಾವುದೆಂದು ಮನೆಯ ಹಿರಿಯರಿಗೆ ತೋರಿಸಿಯೇ ಊರಿಗೆ ಹಿಂದಿರುಗಿ. ಅಂಗಡಿಗೆ ಹೋಗುವಾಗ, ಯಾರಿಗಾಗಿ ಕೊಳ್ಳುತ್ತೀರೋ ಅವರನ್ನು ಕರೆದುಕೊಂಡು ಹೋಗಿ. ಕನ್ನಡಕ ಕೊಳ್ಳುವಾಗ ಕರೆದುಕೊಂಡು ಹೋಗುವುದಿಲ್ಲವೆ?

ಇಷ್ಟೆಲ್ಲ ಬರೆದ ಮೇಲೆ ಮಗನಿಗೆ ನೋವಾಗಬಹುದೆಂಬ ಅಳುಕು ಇದೆ. ಅವನು ತಂದದ್ದು ಪ್ರೀತಿಯಿಂದ ಎಂಬುದರಲ್ಲಿ ಸಂಶಯವಿಲ್ಲ. ಕಂತಿನಲ್ಲಿ ತಂದದ್ದೆಂದು ಸೊಸೆ ಆಮೇಲೆ ಹೇಳಿದಳು. ಕಳೆದ ವಾರ ಅವನೇ ಬಂದು, ಮಾತನಾಡದೆ ಉಕ್ತಲೇಖನಕ್ಕೆ ಕುಳಿತನು. ದೊಡ್ಡದರಲ್ಲಿ 17, ಚಿಕ್ಕದರಲ್ಲಿ 20. ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ದೊಡ್ಡದನ್ನು ತನ್ನ ಬೆಂಗಳೂರಿನ ಮನೆಗೆ ಒಯ್ಯುತ್ತೇನೆ ಎಂದನು. ವೂಫರ್ ಮಾತ್ರ ಕಾರಿನಲ್ಲಿ ಹಿಡಿಸಲಿಲ್ಲ. ಅದು ಈಗ ಹಜಾರದಲ್ಲಿದೆ. ಅದರ ಮೇಲೆ ನನ್ನ ಶ್ರೀಮತಿ ತುಳಸಿಯ ಕುಂಡವನ್ನು ಇಟ್ಟಿದ್ದಾಳೆ.

ಆಕೆ ಸಂಜೆ ವಾರ್ತೆಗೆ ನಡುಮನೆಗೆ ಬರುತ್ತಿದ್ದಾಳೆ. ಮೊನ್ನೆ ವಾರ್ತೆ ಓದುವವರು "ಆಕಾಂಕ್ಷೆ"ಯನ್ನು ತಪ್ಪಾಗಿ ಉಚ್ಚರಿಸಿದರೆಂದು ನನಗಿಂತ ಮೊದಲು ಗಮನಿಸಿದವಳು ಆಕೆಯೇ. ಚಿಕ್ಕದನ್ನು ಗುಂಡ್ಲುಪೇಟೆಗೆ ಇನ್ನೂ ಹಿಂದಿರುಗಿಸಿಲ್ಲ. ತಮ್ಮನು ಎರಡು ಬಾರಿ ಫೋನು ಮಾಡಿದ್ದಾನೆ.